ಮಿಂಚೊನ ಎರಡನೇ ನಕ್ಷತ್ರ

ಪ್ಲೊವ್ದಿವ್ ಪಟ್ಟಣದ ಹಳೇ ಊರಿನಲ್ಲಿ ಬೀದಿಗಳಿಗೆಲ್ಲ ಗುಂಡುಕಲ್ಲು ಹಾಸಿದೆ. ಆ ಕಲ್ಲುಗಳ ಮೇಲೆ ಪ್ರವಾಸಿಗರ ಗಾಲಿಪೆಟ್ಟಿಗೆ ಉರುಳುವ ಸದ್ದು ಕೇಳಿಯೇ ಬಂದವರು ಯಾವ ದೇಶದವರು, ಎಷ್ಟು ದಿನ ಇರುತ್ತಾರೆ, ಚೌಕಾಸಿ ಮಾಡುವವರೋ ಅಲ್ಲವೋ ಎಂದು ಹೇಳಬಲ್ಲ ಮನುಷ್ಯ ಮಿಂಚೊ ತೆರ್ಜೀವ್. ಹಾಗೆಂದು ಅವನೇ ಹೇಳಿಕೊಳ್ಳುತ್ತಿದ್ದ. ಆ ಸದ್ದು ಹತ್ತರಲ್ಲಿ ಒಂಬತ್ತು ಸಲ ತನ್ನ ಬಾಗಿಲು ದಾಟಿ ಎದುರಿನ ಬೊಗ್ದಾನನ ಹೋಟೆಲಿಗೆ ಹೋಗಿ ನಿಲ್ಲುತ್ತಿತ್ತು ಎಂಬುದನ್ನು ಮಾತ್ರ ಹೇಳಿಕೊಳ್ಳುತ್ತಿರಲಿಲ್ಲ.

ಮಿಂಚೊನದು ಆರು ಕೋಣೆಗಳ ವಸತಿ ಹೋಟೆಲು. ಅಜ್ಜನ ಕಾಲದ ಮರದ ಮನೆ. ಬಾಡಿಗೆ ಕಡಿಮೆ, ಹಾಸಿಗೆ ಚೊಕ್ಕಟ, ಬೆಳಗಿನ ತಿಂಡಿಗೆ ಹೆಂಡತಿ ದೊನ್ಕಾ ಕೈಯಾರೆ ಮಾಡಿದ, ಚೀಸ್ ತುಂಬಿದ ಪದರ ರೊಟ್ಟಿ ಬಾನಿತ್ಸಾ. ಇಷ್ಟೆಲ್ಲ ಇದ್ದೂ ಬಾಗಿಲ ಪಕ್ಕದ ಹಿತ್ತಾಳೆ ಫಲಕದ ಮೇಲೆ ಇದ್ದದ್ದು ಒಂದೇ ಒಂದು ನಕ್ಷತ್ರ. ಬೊಗ್ದಾನನ ಫಲಕದ ಮೇಲೆ ಎರಡು. ಬೊಗ್ದಾನ್ ದಿನಾ ಬೆಳಿಗ್ಗೆ ಕಿಟಕಿ ತೆರೆದು, ಹಲ್ಲುಜ್ಜುವ ಬ್ರಶ್ ಬಾಯಲ್ಲಿಟ್ಟುಕೊಂಡೇ ಕೂಗುತ್ತಿದ್ದ.

"ಏನೋ ಮಿಂಚೊ, ನಿನ್ನ ನಕ್ಷತ್ರಕ್ಕೆ ಇನ್ನೂ ಜೋಡಿ ಸಿಗ್ಲಿಲ್ವೇನೋ? ಪಾಪ, ಒಂಟಿಯಾಗಿ ಬಿಸಿಲಲ್ಲಿ ಒಣಗ್ತಾ ಇದೆಯಲ್ಲೋ!"

ಏಳು ವರ್ಷಗಳ ಹಿಂದೆ, ಮಿಂಚೊನ ಮೊದಲ ಅರ್ಜಿ ತಿರಸ್ಕಾರವಾದ ದಿನ, ಅವನು ಬ್ರೆಡ್ಡಿನ ಅಂಗಡಿಯ ಸಾಲಿನಲ್ಲಿ ನಿಂತು, ಎಲ್ಲರೆದುರು ಒಂದು ಪ್ರತಿಜ್ಞೆ ಮಾಡಿದ. ಎರಡನೇ ನಕ್ಷತ್ರ ಬರುವವರೆಗೆ ಗಡ್ಡಕ್ಕೆ ಕತ್ತಿ ತಾಗಿಸುವುದಿಲ್ಲ! ಆಮೇಲೆ ನಕ್ಷತ್ರ ಕೊಡುವ ಸಮಿತಿಯವರು ವರ್ಷಕ್ಕೊಮ್ಮೆ ಬಂದರು. ಒಂದು ವರ್ಷ ಮಂಚದ ಪಕ್ಕ ದೀಪ ಇರಲಿಲ್ಲ. ಮರುವರ್ಷ ದೀಪ ಇತ್ತು, ಪೆಟ್ಟಿಗೆ ಇಡುವ ಮಣೆ ಇರಲಿಲ್ಲ. ಅದರ ಮರುವರ್ಷ ದೀಪವೂ ಮಣೆಯೂ ಇದ್ದವು, ಆದರೆ ಸಮಿತಿಯ ಹಿರಿಯರೊಬ್ಬರು ಆ ಮಣೆಯನ್ನೇ ಎಡವಿ ಬಿದ್ದರು. ಗಡ್ಡ ಎದೆಯವರೆಗೆ ಬಂತು. ಮಿಂಚೊನ ಮುಖದಲ್ಲಿ ಹೊರಗಿನವರಿಗೆ ಕಾಣುತ್ತಿದ್ದದ್ದು ಎರಡು ಕಣ್ಣು ಮತ್ತು ಒಂದು ಮೂಗು, ಅಷ್ಟೆ.

ಹೀಗಿರುವಾಗ ಒಂದು ಮಂಗಳವಾರ ಅಂಚೆಯಲ್ಲಿ ಕಾಗದ ಬಂತು. ಎರಡನೇ ನಕ್ಷತ್ರ ಮಂಜೂರಾಗಿದೆ. ಗುರುವಾರ ಹನ್ನೊಂದು ಗಂಟೆಗೆ ಅಧಿಕಾರಿಗಳು ಖುದ್ದಾಗಿ ಬಂದು ಮಾಲೀಕರ ರುಜು ಪಡೆದು ಹೊಸ ಫಲಕ ಜೋಡಿಸುತ್ತಾರೆ.

ಮಿಂಚೊ ಆ ಕಾಗದವನ್ನು ಹನ್ನೆರಡು ಸಲ ಓದಿದ. ಓದಿ ಕೇಳಿಸಲು ಮನೆಯಲ್ಲಿ ಯಾರೂ ಇರಲಿಲ್ಲ. ದೊನ್ಕಾ ಪ್ಲಮ್ ಹಣ್ಣಿನ ಜಾಮ್ ಮಾಡಲು ಬೆಟ್ಟದ ಹಳ್ಳಿಯಲ್ಲಿದ್ದ ತಂಗಿಯ ಮನೆಗೆ ಹೋಗಿದ್ದಳು. ಆ ಹಳ್ಳಿಯಲ್ಲಿ ಫೋನಿಗೆ ಸಿಗ್ನಲ್ ಬೇಕೆಂದರೆ ಪ್ಲಮ್ ಮರವನ್ನೇ ಹತ್ತಬೇಕು. ಅವಳು ಹಿಂತಿರುಗುವುದು ಗುರುವಾರ ಮಧ್ಯಾಹ್ನದ ಹೊತ್ತಿಗೆ. ಆ ಮನೆಯಲ್ಲಿ ಆಲೋಚನೆ ಮಾಡುವ ಕೆಲಸ ದೊನ್ಕಾಳದು. ಅವಳಿಲ್ಲದ್ದರಿಂದ ಈ ಸಲ ಮಿಂಚೊನೇ ಆಲೋಚನೆ ಮಾಡಿದ. ಅಲ್ಲಿಂದ ಅನಾಹುತ ಶುರುವಾಯಿತು.

ಅವನ ಆಲೋಚನೆಯ ಸರಣಿ ಹೀಗಿತ್ತು. ನಕ್ಷತ್ರ ಬಂದದ್ದು ಇಡೀ ಹಳೇ ಊರಿಗೆ ತಿಳಿಯಬೇಕು. ಪತ್ರಿಕೆಯನ್ನು ಈಗ ಯಾರೂ ಓದುವುದಿಲ್ಲ. ಬಾಯಿಮಾತಿನಲ್ಲಿ ಹೇಳಿದರೆ ಕೊಚ್ಚಿಕೊಳ್ಳುತ್ತಾನೆ ಎನ್ನುತ್ತಾರೆ. ಹಾಗಾದರೆ ಈ ಊರಿನ ಮುದುಕರು, ಮಕ್ಕಳು, ಪೊಲೀಸರು, ಪಾದ್ರಿಗಳು ಎಲ್ಲರೂ ದಿನಕ್ಕೊಮ್ಮೆಯಾದರೂ ನಿಂತು ನೋಡುವ ಕಾಗದ ಯಾವುದು? ಸಾವಿನ ಕಾಗದ! ಯಾರೇ ಸತ್ತರೂ ಅವರ ಫೋಟೊ ಹಾಕಿ, ಕಪ್ಪು ಚೌಕಟ್ಟು ಕಟ್ಟಿ, ಮನೆಯ ಬಾಗಿಲಿಗೂ ಬೀದಿಯ ದೀಪದ ಕಂಬಗಳಿಗೂ ಅಂಟಿಸುವುದು ಊರಿನ ವಾಡಿಕೆ. ಬ್ರೆಡ್ ತರಲು ಹೋಗುವವರು ಮೊದಲು ಕಂಬ ನೋಡುತ್ತಾರೆ, ಆಮೇಲೆ ಬ್ರೆಡ್ ಕೊಳ್ಳುತ್ತಾರೆ. ಅದೇ ಅಳತೆಯ ಕಾಗದ, ಅದೇ ಚೌಕಟ್ಟು, ಅದೇ ಕಂಬ ಆದರೆ ನೋಡದೆ ಹೋಗುವ ಗಂಡು ಹುಟ್ಟಿಲ್ಲ ಎಂದು ಮಿಂಚೊ ತೀರ್ಮಾನಿಸಿದ. ಈ ತೀರ್ಮಾನ ನೂರಕ್ಕೆ ನೂರು ಸರಿಯಾಗಿತ್ತು ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ.

ಬುಧವಾರ ಅವನು ಆಸ್ಪತ್ರೆಯ ಗೇಟಿನೆದುರು ಶವಪೆಟ್ಟಿಗೆ ಮಾರುವ ಅಂಗಡಿಗೆ ಹೋದ. ಸಾವಿನ ಕಾಗದ ಅಚ್ಚು ಹಾಕಿಕೊಡುವುದೂ ಅಲ್ಲಿಯೇ. ಅಂಗಡಿಯಾಕೆ ಕನ್ನಡಕದ ಮೇಲಿಂದ ನೋಡಿದಳು.

"ಫೋಟೊ ತಂದಿದ್ದೀರಾ?"

ಮಿಂಚೊ ಗುರುತಿನ ಚೀಟಿಯ ಫೋಟೊ ಕೊಟ್ಟ. ಗಡ್ಡ ಕಾಗದದಿಂದ ಹೊರಗೆ ಇಳಿಯುವಂತಿತ್ತು.

"ತೀರಿಕೊಂಡವರು ನಿಮಗೇನಾಗಬೇಕು?"

"ನಾನೇ."

ಆಕೆ ಇಪ್ಪತ್ತು ವರ್ಷದಿಂದ ಆ ವ್ಯಾಪಾರದಲ್ಲಿದ್ದವಳು. ಮುಖದ ಒಂದು ಗೆರೆಯೂ ಅಲುಗಲಿಲ್ಲ. "ಮುಂಚೇನೇ ಮಾಡಿಸಿಟ್ಕೊಳ್ಳೋದು ಒಳ್ಳೇದೇ. ಮಕ್ಕಳು ಕಾಗುಣಿತ ತಪ್ಪು ಮಾಡಿಬಿಡ್ತಾರೆ. ಮೇಲೆ ಶಿಲುಬೆ ಹಾಕ್ಲಾ?"

"ಶಿಲುಬೆ ಬೇಡ. ನಕ್ಷತ್ರ ಹಾಕಿ. ಎರಡು."

"ಫೋಟೊ ಸಣ್ಣದು ಮಾಡಿದ್ರೆ ಅಕ್ಷರ ದೊಡ್ಡದಾಗಿ ಬರುತ್ತೆ."

"ಫೋಟೊ ದೊಡ್ಡದೇ ಇರ್ಲಿ. ಅಕ್ಷರ ಹೇಗಾದ್ರೂ ಬರ್ಲಿ!"

ಹಾಗಾಗಿ ನಲವತ್ತು ಕಾಗದಗಳ ಮೇಲೆ ಮಿಂಚೊನ ಮುಖ ಬೊಗಸೆಯಗಲ ಮೂಡಿತು. ಕೆಳಗೆ ದಪ್ಪಕ್ಷರದಲ್ಲಿ ಹೆಸರು, ಅದರ ಕೆಳಗೆ ಗುರುವಾರ ಹನ್ನೊಂದು ಗಂಟೆ. ಅದಕ್ಕೂ ಕೆಳಗೆ, ಇರುವೆ ಸಾಲಿನಷ್ಟು ಸಣ್ಣಕ್ಷರದಲ್ಲಿ, ಏಳು ವರ್ಷದ ಹೋರಾಟ, ಎರಡನೇ ನಕ್ಷತ್ರ, ಬಂಧುಮಿತ್ರರೆಲ್ಲ ಬಂದು ಸಂತೋಷದಲ್ಲಿ ಭಾಗಿಗಳಾಗಬೇಕು ಎಂಬ ವಿನಂತಿ.

ಗುರುವಾರ ಬೆಳಗ್ಗೆ ಆರಕ್ಕೇ ಎದ್ದು, ಬೀದಿ ಇನ್ನೂ ಕಣ್ಣು ಬಿಡುವ ಮೊದಲೇ ನಲವತ್ತನ್ನೂ ಅಂಟಿಸಿ ಬಂದ. ಮೊದಲನೆಯದು ತನ್ನ ಬಾಗಿಲಿಗೆ, ಎರಡನೆಯದು ಬೊಗ್ದಾನನ ಕಿಟಕಿಗೆ ನೇರ ಎದುರಿನ ಕಂಬಕ್ಕೆ. ಆಮೇಲೆ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡು ಪ್ರತಿಜ್ಞೆ ತೀರಿಸಲು ಕುಳಿತ. ಏಳು ವರ್ಷದ ಬೆಳೆ. ಕಟಾವಿಗೆ ಎರಡು ಗಂಟೆಯೂ ಮೂರು ಬ್ಲೇಡೂ ಹಿಡಿದವು. ಕನ್ನಡಿಯಲ್ಲಿ ಕಂಡ ನುಣುಪು ಗಲ್ಲದ ಮನುಷ್ಯನಿಗೆ ಅವನು "ನಮಸ್ಕಾರ" ಎಂದ, ಗುರುತು ಹಿಡಿಯದೆಯೇ.

ಮದುವೆಯ ಕೋಟು ತೊಟ್ಟು ಕೆಳಗಿಳಿದು ಬರುವಷ್ಟರಲ್ಲಿ ಬಾಗಿಲ ಹಿಡಿಕೆಗೆ ಯಾರೋ ಕಪ್ಪು ರಿಬ್ಬನ್ನು ಕಟ್ಟುತ್ತಿದ್ದರು. ನೋಡಿದರೆ ಪಕ್ಕದ ಮನೆಯ ವೆಲಿಕಾ ಅಜ್ಜಿ. ಅಂಥ ರಿಬ್ಬನ್ನಿನ ಸುರುಳಿ ಅವಳ ಮನೆಯಲ್ಲಿ ಸದಾ ಸಿದ್ಧ. ಅಜ್ಜಿ ಅವನನ್ನು ನೋಡಿದವಳೇ ಎರಡೂ ಕೈಗಳಿಂದ ಅವನ ಕೆನ್ನೆ ಹಿಡಿದಳು.

"ಬಂದ್ಯಾ ಮಗನೇ! ಎಷ್ಟು ಬೇಗ ಬಂದ್ಯೋ!" ಎಂದು ಕೈಗೆ ಹೂವು ತುರುಕಿದಳು.

ಶುಭಾಶಯಕ್ಕೆ ಮೊದಲು ಬಂದವಳು ಎಂದು ಮಿಂಚೊನ ಎದೆ ಉಬ್ಬಿತು. ಹೂವಿನ ಕಡೆ ನೋಡಿದ. ಕೆಂಪು ಕಾರ್ನೇಶನ್. ಎಣಿಸಿದ. ನಾಲ್ಕು. ಇನ್ನೊಂದು ಸಲ ಎಣಿಸಿದ. ನಾಲ್ಕೇ. ಬದುಕಿದ್ದವರಿಗೆ ಮೂರು ಕೊಡುತ್ತಾರೆ, ಐದು ಕೊಡುತ್ತಾರೆ, ಅಕ್ಕರೆ ಉಕ್ಕಿದರೆ ಏಳು ಕೊಡುತ್ತಾರೆ. ಸರಿಸಂಖ್ಯೆಯ ಹೂವು ಸತ್ತವರಿಗೆ ಮಾತ್ರ. ವೆಲಿಕಾ ಅಜ್ಜಿ ಎಂಬತ್ತೊಂದು ವರ್ಷದಲ್ಲಿ ಹೂವಿನ ಲೆಕ್ಕ ಒಮ್ಮೆಯೂ ತಪ್ಪಿದವಳಲ್ಲ.

"ಅಜ್ಜೀ, ಯಾರು ಸತ್ರು?" ಎಂದ ಮಿಂಚೊ.

"ಅಯ್ಯೋ ನನ್ನ ಕಂದ, ದುಃಖಕ್ಕೆ ಬುದ್ಧಿ ಮಂಕಾಗಿದೆ ನಿಂಗೆ. ನಿನ್ನ ತಮ್ಮ ಕಣೋ ಗಾಂಚೊ, ನಿನ್ನ ತಮ್ಮ ಮಿಂಚೊ! ಕಂಬಕಂಬದಲ್ಲೂ ನಗ್ತಾ ಕೂತಿದ್ದಾನಲ್ಲೋ!"

ಗಾಂಚೊ ಎಂದರೆ ಮಿಂಚೊನ ಅಣ್ಣ. ಬುರ್ಗಾಸ್ ಬಂದರಿನಲ್ಲಿ ಹಡಗಿನ ಅಡುಗೆಯವನು. ಇಬ್ಬರದೂ ಒಂದೇ ಅಚ್ಚಿನ ಮುಖ, ಆದರೆ ಗಾಂಚೊನಿಗೆ ಗಡ್ಡವಿಲ್ಲ. ಹೋಟೆಲು ತೆರೆದ ದಿನ ಬಂದು, "ನಿನ್ನ ಮನೇಲಿ ಮಲಗೋಕೆ ದುಡ್ಡು ಕೊಡೋ ಹುಚ್ಚ ಯಾರೋ?" ಎಂದು ನಕ್ಕು ಹೋದವನು ಒಂಬತ್ತು ವರ್ಷವಾದರೂ ಮತ್ತೆ ಈ ಹೊಸ್ತಿಲು ತುಳಿದಿರಲಿಲ್ಲ.

"ಅಜ್ಜೀ, ಕಾಗದ ಪೂರ್ತಿ ಓದಿದ್ಯಾ?"

"ಓದೋದೇನಿದೆ? ಮುಖ ನೋಡಿದೆ, ಹೆಸರು ನೋಡಿದೆ, ಎಷ್ಟೊತ್ತಿಗೆ ಅಂತ ನೋಡಿದೆ. ಮಿಕ್ಕಿದ್ದೆಲ್ಲ ಎಲ್ಲರಿಗೂ ಒಂದೇ ಬರೀತಾರೆ. ಆದ್ರೆ ಮೇಲೆ ಶಿಲುಬೆ ಬದಲು ನಕ್ಷತ್ರ ಇತ್ತು ಕಣೋ. ಎರಡು! ಅವನು ದೇವರನ್ನ ನಂಬದ ಹಳೇ ಕಮ್ಯುನಿಸ್ಟ್ ಪಕ್ಷದವನು ಅಂತ ನಂಗೆ ಗೊತ್ತೇ ಇರ್ಲಿಲ್ಲ ನೋಡು." ಅಜ್ಜಿ ದನಿ ತಗ್ಗಿಸಿದಳು. "ಇರ್ಲಿ, ನಾನು ಯಾರಿಗೂ ಹೇಳಲ್ಲ. ಒಳ್ಳೆ ಮನುಷ್ಯ. ಹಿಮ ಬಿದ್ದಾಗ ತನ್ನ ಬಾಗಿಲು ಗುಡಿಸೋಕೆ ಮುಂಚೆ ನನ್ನ ಬಾಗಿಲು ಗುಡಿಸ್ತಿದ್ದ. ಈ ಬೀದೀಲಿ ಇನ್ಯಾವ ಗಂಡಸು ಹಾಗೆ ಮಾಡ್ತಾನೆ ಹೇಳು?"

'ಅಜ್ಜೀ, ನಾನೇ ಮಿಂಚೊ' ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಈ ಹೊಗಳಿಕೆ ಕೇಳಿ ಅದು ಹಾಗೆಯೇ ಹಿಂದಕ್ಕೆ ಹೋಯಿತು. ಹಿಮ ಗುಡಿಸಿದ್ದನ್ನು ಅಜ್ಜಿ ಬದುಕಿದ್ದವನಿಗೆ ಒಂದು ದಿನವೂ ಹೇಳಿರಲಿಲ್ಲ. ಇನ್ನೊಂದೆರಡು ಮಾತು ಕೇಳಿ ಆಮೇಲೆ ಹೇಳಿದರಾಯಿತು ಎಂದುಕೊಂಡ. ಮನುಷ್ಯಮಾತ್ರನಾದವನು ಯಾರಾದರೂ ಹಾಗೆಯೇ ಅಂದುಕೊಳ್ಳುತ್ತಿದ್ದ.

ಅಜ್ಜಿ ಮನೆಗೆ ಓಡಿ ಹೋಗಿ ಬೇಯಿಸಿದ ಗೋಧಿಯ ದೊಡ್ಡ ಬೋಗುಣಿ ತಂದು ಮೇಜಿನ ಮೇಲಿಟ್ಟಳು. ಮೇಲೆ ಸಕ್ಕರೆ ಪುಡಿ, ಅಕ್ರೋಟಿನ ಚೂರು. ಸತ್ತವರ ಹೆಸರಿನಲ್ಲಿ ಹಂಚುವ ಗೋಧಿ.

"ನಮ್ಮೆಜಮಾನ್ರ ವರ್ಷದ್ದಕ್ಕೆ ಅಂತ ಬೇಯಿಸಿದ್ದೆ. ಅವರಿಗೇನಂತೆ, ಹದಿನಾಲ್ಕು ವರ್ಷ ಕಾದಿದ್ದಾರೆ, ಇನ್ನೊಂದಿನ ಕಾಯ್ತಾರೆ."

ಆ ಹೊತ್ತಿಗೆ ಸರಿಯಾಗಿ ಮೂರನೇ ಕೋಣೆಯಿಂದ ಇಬ್ಬರು ಪೋಲಿಷ್ ಶಾಲಾ ಮೇಡಂಗಳು ತಿಂಡಿಗೆ ಇಳಿದು ಬಂದರು. ಹಿಂದಿನ ಸಂಜೆಯಷ್ಟೇ ಬಂದಿದ್ದವರು. ಬೋಗುಣಿ ನೋಡಿದರು, ತಟ್ಟೆ ತುಂಬ ಹಾಕಿಕೊಂಡರು, ತಿಂದರು, ಇನ್ನೊಮ್ಮೆ ಹಾಕಿಕೊಂಡರು.

"ಇಷ್ಟು ಕಡಿಮೆ ಬಾಡಿಗೆಗೆ ಇಂಥ ತಿಂಡಿ ಎಲ್ಲೂ ಕೊಡಲ್ಲಪ್ಪ. ನಾಳೇನೂ ಇದೇ ಇರುತ್ತಾ?" ಎಂದು ಅವರಲ್ಲಿ ದಪ್ಪಗಿದ್ದ ಮೇಡಂ ಕೇಳಿದರು.

"ನಾಳೆ ಯಾರು ಸಾಯ್ತಾರೋ ನೋಡ್ಬೇಕಮ್ಮ," ಎಂದಳು ಅಜ್ಜಿ ನಿಟ್ಟುಸಿರಿಟ್ಟು.

ಹತ್ತೂವರೆಯ ಹೊತ್ತಿಗೆ ಮುಂಗೋಣೆ ತುಂಬಿತು. ಬ್ರೆಡ್ಡಿನ ಅಂಗಡಿಯವನು ಬಂದ, ಔಷಧದ ಅಂಗಡಿಯವಳು ಬಂದಳು, ಬೀದಿಯ ಕೊನೆಯಲ್ಲಿ ಚಿತ್ರಪಟ ಮಾರುವವನು ಬಂದ. ಒಬ್ಬೊಬ್ಬರೂ ಮಿಂಚೊನ ಕೈಕುಲುಕಿ ಮಿಂಚೊನ ಗುಣಗಾನ ಮಾಡಿದರು. ಅವನ ಸಂಕೋಚ ಕರಗುತ್ತ ಕರಗುತ್ತ ಕೊನೆಗೆ ಅವನೇ ಎತ್ತಿ ಕೊಡತೊಡಗಿದ.

"ಹಾಸಿಗೆ ಹೊದಿಕೆ? ಹೊದಿಕೆ ಬಗ್ಗೆ ಏನಾದ್ರೂ ಹೇಳಿ. ತುಂಬಾ ಬೆಳ್ಳಗಿಡ್ತಿದ್ದನಂತೆ ಅಲ್ವಾ?"

ಆಗ ಬೊಗ್ದಾನ್ ಬಂದ. ಕೈಯಲ್ಲಿ ಆರು ಗುಲಾಬಿ, ಕಣ್ಣು ಕೆಂಪು. ಬಂದವನೇ 'ಗಾಂಚೊ'ನ ಹೆಗಲ ಮೇಲೆ ತಲೆಯಿಟ್ಟು ಗೊಳೋ ಎಂದು ಅತ್ತ.

"ಗಾಂಚೊ, ನಾನು ಪಾಪಿ ಕಣೋ. ನಿನ್ನ ತಮ್ಮನಂಥ ಹೋಟೆಲಿನವನು ಈ ಹಳೇ ಊರಲ್ಲಿ ಇನ್ನೊಬ್ಬನಿಲ್ಲ. ಅವನ ಹೊದಿಕೆ ಬಿಳುಪು ನೋಡಿ ನಾನು ಪರದೆ ಹಿಂದೆ ನಿಂತ್ಕೊಂಡು ಯಾವ ಸೋಪು ಹಾಕ್ತಾನೆ ಅಂತ ಇಣುಕ್ತಿದ್ದೆ. ಅದೇ ಸೋಪು ತಂದೆ, ನಂದು ಬೆಳ್ಳಗಾಗ್ಲಿಲ್ಲ!"

"ಹೂಂ, ಹೂಂ. ಆಮೇಲೆ?" ಎಂದ ಮಿಂಚೊ. ಅವನ ಮುಖ ಹಂಡೆಯಂತೆ ಹೊಳೆಯುತ್ತಿತ್ತು. ನೋಡಿದವರು ಅದನ್ನು ಕಣ್ಣೀರಿನ ಹೊಳಪು ಎಂದುಕೊಂಡರು.

"ಅವನ ಹೋಟೆಲಿಗೆ ಒಂದಲ್ಲ, ಮೂರು ನಕ್ಷತ್ರ ಕೊಡ್ಬೇಕಿತ್ತು. ನಾನು ಮಾತ್ರ ಬಂದ ಬಂದ ಪ್ರವಾಸಿಗಳಿಗೆಲ್ಲ ಅಲ್ಲಿ ತಿಗಣೆ ಇದೆ ಅಂತ ಹೇಳ್ತಿದ್ದೆ."

"ಏನಂದೆ?"

"ತಿಗಣೆ. ಒಂದೂ ಇರ್ಲಿಲ್ಲ. ಏಳು ವರ್ಷ ಸುಳ್ಳು ಹೇಳ್ದೆ. ನನ್ನ ಕೆನ್ನೆಗೆ ಒಂದು ಬಾರಿಸೋ ಗಾಂಚೊ, ಅವನ ಪರವಾಗಿ!"

ಮಿಂಚೊ ಬಾರಿಸಿದ. ಸತ್ತ ತಮ್ಮನ ಪರವಾಗಿ ಅಣ್ಣ ಕೊಡುವ ಏಟು ಸಾಮಾನ್ಯವಾಗಿ ಅಷ್ಟು ಜೋರಾಗಿರುವುದಿಲ್ಲ ಎಂದು ಬ್ರೆಡ್ಡಿನ ಅಂಗಡಿಯವನಿಗೆ ಅನಿಸಿತು. ಆದರೆ ಬೊಗ್ದಾನ್ ಕೆನ್ನೆ ಸವರಿಕೊಂಡು, "ಮನಸ್ಸು ಹಗುರಾಯ್ತು" ಎಂದದ್ದರಿಂದ ಆ ಅನುಮಾನವನ್ನು ಅಲ್ಲಿಗೇ ಬಿಟ್ಟ.

ಹನ್ನೊಂದು ಹೊಡೆಯಿತು. ಚರ್ಚಿನ ಗಂಟೆಯ ಕೊನೆಯ ಸದ್ದಿನ ಜೊತೆಗೇ ಹೊಸ್ತಿಲಲ್ಲಿ ಅಧಿಕಾರಿ ಶ್ರೀಮತಿ ಝೆಲ್ಯಾಜ್ಕೋವಾ ಕಾಣಿಸಿಕೊಂಡರು. ಒಂದು ಕಂಕುಳಲ್ಲಿ ಕಡತ, ಇನ್ನೊಂದರಲ್ಲಿ ಕಾಗದ ಸುತ್ತಿದ ಹಿತ್ತಾಳೆ ಫಲಕ. ಕಾಗದದ ಹರಕಿನಿಂದ ಎರಡು ನಕ್ಷತ್ರಗಳು ಇಣುಕುತ್ತಿದ್ದವು. ಮಿಂಚೊನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

"ಬನ್ನಿ ಮೇಡಂ, ಬನ್ನಿ! ಎಲ್ಲಿ ರುಜು ಹಾಕ್ಲಿ?"

ಆಕೆ ಬಾಗಿಲ ಮೇಲಿನ ಕಾಗದ ನೋಡಿದರು, ಕಪ್ಪು ರಿಬ್ಬನ್ನು ನೋಡಿದರು, ಗೋಧಿಯ ಬೋಗುಣಿ ನೋಡಿದರು. ಶಿಲುಬೆಯ ಗುರುತು ಮಾಡಿಕೊಂಡು ಫಲಕವನ್ನು ಮತ್ತೆ ಬಿಗಿಯಾಗಿ ಸುತ್ತಿದರು.

"ನನ್ನ ಸಂತಾಪ. ಹೀಗಾಯ್ತು ಅಂದ್ರೆ ಇದನ್ನ ನಾನು ವಾಪಸ್ ತಗೊಂಡು ಹೋಗ್ಬೇಕಾಗುತ್ತೆ. ಮಂಜೂರಾಗಿರೋದು ಮಿಂಚೊ ತೆರ್ಜೀವ್ ಹೆಸರಿಗೆ. ಅವರೇ ಇಲ್ಲ ಅಂದ್ಮೇಲೆ ಅವರ ನಕ್ಷತ್ರಾನೂ ಇಲ್ಲ."

ಮಿಂಚೊನ ನೆತ್ತಿಗೇರಿದ್ದ ಹೊಗಳಿಕೆಯೆಲ್ಲ ಒಂದೇ ಸಲಕ್ಕೆ ಇಳಿಯಿತು. ಏಳು ವರ್ಷ! ದೀಪ, ಮಣೆ, ಗಡ್ಡ!

"ಮೇಡಂ, ನಾನು ಸತ್ತಿಲ್ಲ! ನಾನೇ ಮಿಂಚೊ!"

ಮುಂಗೋಣೆಯಲ್ಲಿ ಅಯ್ಯೋ ಎಂಬ ಉಸಿರು ಎದ್ದಿತು. "ತಡ್ಕೊಳೋಕಾಗ್ತಿಲ್ಲ ಪಾಪ," ಎಂದಳು ಔಷಧದ ಅಂಗಡಿಯವಳು. "ಅಣ್ಣ ತಮ್ಮ ಅಂದ್ರೆ ಹೀಗಿರ್ಬೇಕು," ಎಂದು ವೆಲಿಕಾ ಅಜ್ಜಿ ಕಣ್ಣೊರೆಸಿಕೊಂಡಳು.

"ಗಡ್ಡ ಬೋಳಿಸಿದೆ ಅಜ್ಜೀ! ಬೆಳಿಗ್ಗೆ! ಪ್ರತಿಜ್ಞೆ!"

"ಹೌದಪ್ಪ ಹೌದು. ಕೂತ್ಕೋ, ನೀರು ಕುಡಿ."

ಮಿಂಚೊ ಜೇಬಿಗೆ ಕೈಹಾಕಿ ಗುರುತಿನ ಚೀಟಿ ತೆಗೆದು ಅಧಿಕಾರಿಯ ಮೂಗಿನ ಕೆಳಗೆ ಹಿಡಿದ. ಶ್ರೀಮತಿ ಝೆಲ್ಯಾಜ್ಕೋವಾ ಚೀಟಿಯ ಫೋಟೊ ನೋಡಿದರು, ಬಾಗಿಲ ಮೇಲಿನ ಫೋಟೊ ನೋಡಿದರು. ಎರಡೂ ಒಂದೇ. ಎದುರು ನಿಂತವನ ಬೋಳು ಗಲ್ಲ ನೋಡಿದರು.

"ಇದನ್ನ ಕೊಟ್ಟಿದ್ದು ಒಳ್ಳೇದಾಯ್ತು. ತೀರಿಕೊಂಡವರ ಚೀಟಿ ಕಚೇರಿಗೆ ಒಪ್ಪಿಸ್ಬೇಕು. ಎಷ್ಟೋ ಜನ ಮರ್ತುಬಿಡ್ತಾರೆ," ಎಂದು ಅದನ್ನು ಕಡತದಲ್ಲಿಟ್ಟು ದಾರ ಬಿಗಿದರು.

ತಾನು ಬದುಕಿದ್ದೇನೆ ಎಂಬುದಕ್ಕಿದ್ದ ಒಂದೇ ಸರಕಾರಿ ದಾಖಲೆಯನ್ನು ಹೀಗೆ ತಾನೇ ಕೈಯಾರೆ ಸರಕಾರಕ್ಕೆ ಒಪ್ಪಿಸಿದ ಮಿಂಚೊ, ದಪ್ಪಗಿದ್ದ ಪೋಲಿಷ್ ಮೇಡಂ ಕಡೆ ತಿರುಗಿದ. "ನೀವು ಹೇಳಿ! ನಿನ್ನೆ ಸಂಜೆ ನಿಮ್ಮ ಪೆಟ್ಟಿಗೆ ಹೊತ್ಕೊಂಡು ಹೋದೋನು ನಾನೇ ಅಲ್ವಾ?"

ಮೇಡಂ ಚಮಚ ಕೆಳಗಿಟ್ಟು, ಶಾಲೆಯಲ್ಲಿ ಉತ್ತರಪತ್ರಿಕೆ ನೋಡುವ ಶ್ರದ್ಧೆಯಿಂದ ಅವನನ್ನು ನೋಡಿದರು. "ಅಲ್ಲಪ್ಪ. ಅವರಿಗೆ ವಯಸ್ಸಾಗಿತ್ತು. ನೀವು ನೋಡೋಕೆ ಲಕ್ಷಣವಾಗಿದ್ದೀರ."

ಇಂಥ ಹೊತ್ತಿನಲ್ಲೂ ಮಿಂಚೊನಿಗೆ ಒಂದು ಕ್ಷಣ ಸಂತೋಷವಾಯಿತು. ಮರುಕ್ಷಣ ಬೊಗ್ದಾನನ ಕೊರಳಪಟ್ಟಿ ಹಿಡಿದ.

"ಬೊಗ್ದಾನ್! ಮೂರು ವರ್ಷದ ಹಿಂದೆ ನನ್ನ ಏಣಿ ತಗೊಂಡು ಹೋದೋನು ನೀನು, ಇನ್ನೂ ತಂದುಕೊಟ್ಟಿಲ್ಲ. ಇದು ನಮ್ಮಿಬ್ಬರಿಗೇ ಗೊತ್ತಿರೋ ವಿಷಯ. ಈಗಲಾದ್ರೂ ಗುರುತು ಸಿಕ್ತಾ?"

ಬೊಗ್ದಾನ್ ಮತ್ತೆ ಅಳತೊಡಗಿದ. "ಅದನ್ನೂ ನಿಂಗೆ ಹೇಳಿದ್ನಾ? ಸಾಯೋ ಹೊತ್ತಲ್ಲೂ ಏಣಿ ನೆನೆಸಿಕೊಂಡ್ನಾ? ಇವತ್ತೇ ತಂದುಕೊಡ್ತೀನಿ ಕಣೋ ಗಾಂಚೊ!"

ಈ ಗೋಳು ನೋಡಿ ಶ್ರೀಮತಿ ಝೆಲ್ಯಾಜ್ಕೋವಾ ಅವರ ಮನಸ್ಸು ಕರಗಿತು. ಅಧಿಕಾರಿಗಳಿಗೂ ಅಣ್ಣತಮ್ಮಂದಿರು ಇರುತ್ತಾರೆ. ಅವರು ಕಡತ ಬಿಚ್ಚಿ, ಕನ್ನಡಕ ಹಾಕಿಕೊಂಡು, ಬೆರಳಿನಿಂದ ಸಾಲು ಹಿಡಿದು ಓದಿದರು.

"ನೋಡಿ ಗಾಂಚೊ ಅವರೇ, ಒಂದು ದಾರಿ ಇದೆ. ಮಾಲೀಕರು ತೀರಿಕೊಂಡ ದಿನವೇ ಹತ್ತಿರದ ರಕ್ತಸಂಬಂಧಿ ಹಾಜರಿದ್ದು, ಇಬ್ಬರು ನೆರೆಯವರು ಇವರೇ ಅಂತ ಸಾಕ್ಷಿ ಹೇಳಿದ್ರೆ, ಮಂಜೂರಾತಿಯನ್ನ ಅವರ ಹೆಸರಿಗೆ ಬರ್ಕೊಂಡು ಫಲಕ ಹಾಕ್ಬಹುದು. ಒಂದೇ ಒಂದು ರುಜು. ಐದು ನಿಮಿಷದ ಕೆಲಸ."

"ನಾನು ಸಾಕ್ಷಿ! ಇವನು ಗಾಂಚೊನೇ," ಎಂದ ಬೊಗ್ದಾನ್.

"ನಾನೂ. ತೊಟ್ಟಿಲಲ್ಲಿದ್ದಾಗಿಂದ ನೋಡಿದ್ದೀನಿ," ಎಂದಳು ವೆಲಿಕಾ ಅಜ್ಜಿ. ಆ ತೊಟ್ಟಿಲಲ್ಲಿ ಆಮೇಲೆ ಮಿಂಚೊನೂ ಮಲಗಿದ್ದ ಎಂಬುದು ಬೇರೆ ಮಾತು.

ಸುಳ್ಳಿಗೆ ಇಬ್ಬರು ಸಾಕ್ಷಿಗಳು ಒಂದು ನಿಮಿಷದಲ್ಲಿ ಸಿಕ್ಕರು. ಅಧಿಕಾರಿಗಳು ಹಾಳೆಯಲ್ಲಿ 'ಮಿಂಚೊ' ಎಂಬುದರ ಮೇಲೆ ಅಡ್ಡಗೆರೆ ಎಳೆಯಲು ಲೇಖನಿ ಎತ್ತಿ ಕಾದರು. ಪಟ ಮಾರುವವನು ಎಲ್ಲಿಂದಲೋ ಸ್ಕ್ರೂಡ್ರೈವರ್ ಹಿಡಿದು ಬಾಗಿಲ ಬಳಿ ಆಗಲೇ ನಿಂತಿದ್ದ. ಸುತ್ತಿದ ಕಾಗದ ಬಿಚ್ಚಿ ಫಲಕವನ್ನು ಮೇಜಿನ ಮೇಲಿಟ್ಟರು. ಕಿಟಕಿಯಿಂದ ಬಂದ ಬಿಸಿಲಿಗೆ ಎರಡೂ ನಕ್ಷತ್ರಗಳು ಥಳಥಳ ಹೊಳೆದವು.

ಮಿಂಚೊ ನೋಡಿದ. ಏಳು ವರ್ಷದಿಂದ ಕನಸಿನಲ್ಲಿ ನೋಡಿದ್ದಕ್ಕಿಂತ ಚೆಂದವಾಗಿತ್ತು. ಕೈ ತನ್ನಷ್ಟಕ್ಕೆ ತಾನೇ ಲೇಖನಿಯ ಕಡೆ ಹೋಯಿತು. ಗಾಂಚೊ ತೆರ್ಜೀವ್ ಎಂದು ಗೀಚಿದರೆ ಮುಗಿಯಿತು. ನಾಳೆ ಬೆಳಿಗ್ಗೆ ಬೊಗ್ದಾನ್ ಕಿಟಕಿ ತೆರೆದರೆ ಎದುರಿಗೆ ಎರಡು ನಕ್ಷತ್ರ.

ಲೇಖನಿಯ ತುದಿ ಕಾಗದಕ್ಕೆ ತಾಗಿತು. ಅಲ್ಲಿಯೇ ನಿಂತಿತು.

"ಆಗಲ್ಲ," ಎಂದ ಮಿಂಚೊ.

"ಏನಾಗಲ್ಲ?"

"ಗಾಂಚೊ ಅಂತ ರುಜು ಹಾಕೋಕಾಗಲ್ಲ. ಈ ಮನೇಲಿ ಮಲಗೋಕೆ ದುಡ್ಡು ಕೊಡೋ ಹುಚ್ಚ ಯಾರು ಅಂತ ನಕ್ಕೋನು ಗಾಂಚೊ. ಆರು ಕೋಣೆಯ ನೆಲ ಮಂಡಿಯೂರಿ ಉಜ್ಜಿದೋನು ಮಿಂಚೊ. ನಡುರಾತ್ರಿ ಬಂದೋರಿಗೂ ಬಿಸಿನೀರು ಕಾಯಿಸಿ ಕೊಟ್ಟೋನು ಮಿಂಚೊ. ದಿನಾ ಬೆಳಿಗ್ಗೆ ಈ ಬೊಗ್ದಾನನ ಕುಹಕ ನುಂಗಿಕೊಂಡೋನು ಮಿಂಚೊ. ನಕ್ಷತ್ರ ಗಾಂಚೊ ಹೆಸರಿಗೆ ಬರೋದಾದ್ರೆ ನಂಗೆ ಬೇಡ. ತಗೊಂಡು ಹೋಗಿ ಮೇಡಂ! ಒಂದೇ ನಕ್ಷತ್ರ ಇ‌ರ್ಲಿ, ಮಿಂಚೊನ ಹೆಸರಲ್ಲೇ ಇರ್ಲಿ. ಸತ್ತಿದ್ರೂ ಪರವಾಗಿಲ್ಲ!"

ಹೇಳಿ, ಫಲಕವನ್ನು ಎರಡೂ ಕೈಯಲ್ಲಿ ಎತ್ತಿ ಅಧಿಕಾರಿಯ ಮಡಿಲಿಗೆ ಇಟ್ಟುಬಿಟ್ಟ. ಕಣ್ಣಲ್ಲಿ ನೀರು ತುಂಬಿತ್ತು. ಈ ಸಲ ಅದು ನಿಜವಾದ ನೀರು.

ಬೊಗ್ದಾನ್ ಮೆಲ್ಲಗೆ ಮುಂದೆ ಬಂದ. ಮಿಂಚೊನ ಸುತ್ತ ಒಂದು ಪ್ರದಕ್ಷಿಣೆ ಹಾಕಿದ. ಮೂಗು ನೋಡಿದ, ಕಣ್ಣು ನೋಡಿದ. ಬಾಯಿ ತೆರೆದ.

"ಮೇಡಂ, ಎಲ್ಲಿಗೂ ಹೋಗ್ಬೇಡಿ! ಕೈಗೆ ಬಂದ ನಕ್ಷತ್ರಾನ ಹೆಸರಿನ ಜಂಭಕ್ಕೋಸ್ಕರ ಒದೆಯೋ ಕತ್ತೆ ಇಡೀ ಪ್ಲೊವ್ದಿವ್‌ನಲ್ಲಿ ಒಂದೇ ಒಂದು. ಗಾಂಚೊ ಆಗಿದ್ರೆ ಇಷ್ಟೊತ್ತಿಗೆ ರುಜು ಹಾಕಿ, ನಿಮ್ಮ ಪೆನ್ನನ್ನೂ ಜೇಬಿಗೆ ಸೇರಿಸ್ತಿದ್ದ. ಇವನು ಮಿಂಚೊ! ದೇವರಾಣೆಗೂ ಮಿಂಚೊ!"

"ಹಂಗಾದ್ರೆ ಸತ್ತಿರೋದು ಯಾರು?" ಎಂದಳು ವೆಲಿಕಾ ಅಜ್ಜಿ, ಗೋಧಿಯ ಬೋಗುಣಿಯ ಕಡೆ ಆತಂಕದಿಂದ ನೋಡುತ್ತ. ಪೋಲಿಷ್ ಮೇಡಂಗಳು ಅದನ್ನು ಖಾಲಿ ಮಾಡಿದ್ದರು.

"ಯಾರೂ ಸತ್ತಿಲ್ಲ!" ಎಂಬ ದನಿ ಬಾಗಿಲಿನಿಂದ ಬಂತು.

ದೊನ್ಕಾ ನಿಂತಿದ್ದಳು. ಒಂದು ಕೈಯಲ್ಲಿ ಜಾಮ್ ಜಾಡಿಗಳ ಚೀಲ, ಇನ್ನೊಂದರಲ್ಲಿ ಬಸ್ ನಿಲ್ದಾಣದಿಂದ ಇಲ್ಲಿಯವರೆಗೆ ಕಂಬಕಂಬದಿಂದ ಕಿತ್ತುಕೊಂಡು ಬಂದ ಕಾಗದಗಳ ಕಟ್ಟು. ಇಡೀ ಊರಿನಲ್ಲಿ ಆ ಕಾಗದವನ್ನು ಕೊನೆಯ ಸಣ್ಣಕ್ಷರದವರೆಗೆ ಓದಿದವಳು ಅವಳೊಬ್ಬಳೇ.

"ನಾಲ್ಕು ದಿನ ಊರಲ್ಲಿಲ್ಲ ಅಂದ್ರೆ ನನ್ನ ವಿಧವೆ ಮಾಡಿ ಕೂರಿಸ್ತೀಯೇನೋ? ಮೊದಲ ಕಂಬದ ಹತ್ರ ನನ್ನ ಎದೆ ಒಡೆದೇ ಹೋಯ್ತು. ಆಮೇಲೆ ಓದಿದೆ. ಓದಿದ ಮೇಲೆ ನೀನು ನಿಜವಾಗ್ಲೂ ಸತ್ತಿದ್ರೇ ಚೆನ್ನಾಗಿತ್ತು ಅನ್ನಿಸ್ತು!" ಎಂದು ಹತ್ತಿರ ಬಂದು ಅವನ ಗಲ್ಲವನ್ನು ಹಿಡಿದು ಬೆಳಕಿಗೆ ತಿರುಗಿಸಿದಳು. ದನಿ ಸ್ವಲ್ಪ ಇಳಿಯಿತು. "ಏಳು ವರ್ಷ ಆಯ್ತಲ್ಲೋ ಈ ಗಲ್ಲ ನೋಡಿ. ಎರಡು ಕಡೆ ಕುಯ್ಕೊಂಡಿದ್ದೀಯ."

"ಈತ ನಿಮ್ಮ ಗಂಡನೇ ಏನಮ್ಮಾ?" ಎಂದರು ಅಧಿಕಾರಿಗಳು.

"ಇಂಥ ಕೆಲಸ ಮಾಡೋಕೆ ಇನ್ಯಾರ ಗಂಡನಿಂದ ಆಗುತ್ತೆ ಮೇಡಂ?"

ಶ್ರೀಮತಿ ಝೆಲ್ಯಾಜ್ಕೋವಾ ಯೋಚಿಸಿದರು. "ಇಪ್ಪತ್ತೆರಡು ವರ್ಷದ ನೌಕರೀಲಿ ನಕ್ಷತ್ರ ಬೇಡ ಅಂತ ವಾಪಸ್ ಕೊಟ್ಟ ಮಾಲೀಕನ್ನ ನಾನು ನೋಡಿರ್ಲಿಲ್ಲ," ಎಂದು ಕಡತದ ದಾರ ಬಿಚ್ಚಿ, ಗುರುತಿನ ಚೀಟಿಯನ್ನು ಹೊರತೆಗೆದು ಮೇಜಿನ ಮೇಲಿಟ್ಟರು. ಸ್ಕ್ರೂಡ್ರೈವರ್ ಹಿಡಿದವನು ಕೆಲಸ ಶುರುಮಾಡಿದ.

ಬೊಗ್ದಾನನಿಗೆ ಆಗ ತನ್ನ ಪರಿಸ್ಥಿತಿ ಹೊಳೆಯಿತು. ಮಿಂಚೊನ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದ. "ನೋಡೋ, ಬೆಳಿಗ್ಗೆ ನಾನು ಸೋಪು, ತಿಗಣೆ, ಮೂರು ನಕ್ಷತ್ರ ಅಂತ ಏನೇನೋ ಅಂದೆ. ಅದೆಲ್ಲ ಸತ್ತೋನಿಗೆ ಅಂದದ್ದು. ಬದುಕಿರೋನಿಗೆ ಅದು ಸಲ್ಲಲ್ಲ. ವಾಪಸ್ ತಗೊಂಡಿದ್ದೀನಿ."

"ಮೊದ್ಲು ಏಣಿ ವಾಪಸ್ ತಗೊಂಡು ಬಾ," ಎಂದ ಮಿಂಚೊ, ಬೀದಿಗೆಲ್ಲ ಕೇಳುವಂತೆ.

ಆಮೇಲೆ ಅವನು ಮದುವೆಯ ಕೋಟಿನ ಗುಂಡಿ ಹಾಕಿಕೊಂಡು, ಕುರ್ಚಿ ಎಳೆದು ಕುಳಿತು, ಲೇಖನಿ ಎತ್ತಿಕೊಂಡ. ತನ್ನ ಹೆಸರು ಬರೆದ, ತಂದೆಯ ಹೆಸರು ಬರೆದ, ಮನೆತನದ ಹೆಸರು ಬರೆದ. ಒಂದೊಂದು ಅಕ್ಷರವೂ ಹೆಬ್ಬೆರಳುದ್ದ. ರುಜುವಿನ ಚೌಕ ತುಂಬಿತು, ಪಕ್ಕದ ತಾರೀಖಿನ ಚೌಕವೂ ತುಂಬಿತು, ಅಲ್ಲಿಂದ ಸಾಲು ಹಾಳೆಯ ಅಂಚು ದಾಟಿ, ಕೆಳಗಿದ್ದ ಕಡತದ ರಟ್ಟಿನ ಮೇಲೆ ಮುಂದುವರಿಯಿತು.

"ಇಷ್ಟುದ್ದ ಯಾಕ್ರೀ ಮಿಂಚೊ ಅವರೇ?" ಎಂದರು ಅಧಿಕಾರಿಗಳು ಗಾಬರಿಯಾಗಿ. "ಚೌಕದೊಳಗೇ ಹಾಕಿ!"

ಮಿಂಚೊ ತಲೆ ಎತ್ತಲಿಲ್ಲ.

"ಬದುಕಿದ್ದೀನಲ್ಲ ಮೇಡಂ," ಎಂದ. "ಜಾಗ ಬೇಕಾಗುತ್ತೆ."